ಹಳೇ ಯೆಜ್ಡಿ ಕೊಳ್ಳೋಕೆ ಮುಂಚೆ

ಕಳೆದ ಸೆಮಿಸ್ಟರ್ ರಜೆಯಲ್ಲಿ ನಾವು ನಾಲ್ಕು ಜನ ಸೇರಿ ಒಂದು ಹಳೇ ಗಾಡಿ ಕೊಳ್ಳೋಕೆ ಹೊರಟ್ವಿ. ಕೈಯಲ್ಲಿ ಇದ್ದಿದ್ದು 48,000 ರೂಪಾಯಿ. ಅದರಲ್ಲಿ 5,000 ಕಳ್ಕೊಂಡ್ವಿ. ಹೇಗೆ ಕಳ್ಕೊಂಡ್ವಿ, ಅದರಿಂದ ಏನು ಕಲಿತ್ವಿ ಅಂತ ಬರೆದರೆ ಬೇರೆಯವರ ದುಡ್ಡಾದರೂ ಉಳಿಯಬಹುದು ಅಂತ ಈ ಲೇಖನ.

ನಾವು ನಾಲ್ವರೂ ದಾವಣಗೆರೆ ಜಿಲ್ಲೆಯವರೇ, ಆದರೆ ತಾಲ್ಲೂಕು ನಾಲ್ಕು: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ಕ್ಲಾಸಲ್ಲಿ ಹೆಸರಿಗಿಂತ ಊರು ಹಿಡಿದು ಕರೆಯೋದೇ ಜಾಸ್ತಿ, ಇಲ್ಲೂ ಹಾಗೇ ಬರೀತೀವಿ. ಚನ್ನಗಿರಿಯವನ ಪಾಲು ಅಡಿಕೆ ಸುಗ್ಗಿಯಲ್ಲಿ ಅಡಿಕೆ ಸುಲಿದು ಕೂಡಿಟ್ಟಿದ್ದು. ನ್ಯಾಮತಿಯವಳದ್ದು ಪಕ್ಕದ ಮನೆ ಮಕ್ಕಳಿಗೆ ಟ್ಯೂಷನ್ ಹೇಳಿದ್ದು. ಹೊನ್ನಾಳಿಯವನದ್ದು ಸ್ಕಾಲರ್‌ಶಿಪ್. ಜಗಳೂರಿನವನದ್ದು ರಜೆಯೆಲ್ಲಾ ಅವರಣ್ಣನ ಅಂಗಡಿಯಲ್ಲಿ ಕೂತಿದ್ದಕ್ಕೆ ಸಿಕ್ಕಿದ್ದು. ಯಾರೂ ಮನೆಯಲ್ಲಿ ಸುಮ್ಮನೆ ಕೇಳಿ ಇಸ್ಕೊಂಡ ದುಡ್ಡಲ್ಲ. ಅದಕ್ಕೇ ಆ 5,000 ಹೋದಾಗ ಅಷ್ಟು ಹೊಟ್ಟೆ ಉರೀತು.

ಮಸಲ್ ಕಾರಿನ ಲೆಕ್ಕ

ಶುರುವಾಗಿದ್ದು ಮಸಲ್ ಕಾರಿನ ವಿಡಿಯೋ ನೋಡಿ. ಅಮೆರಿಕದಲ್ಲಿ 1964ರಲ್ಲಿ ಪಾಂಟಿಯಾಕ್ ಕಂಪನಿ ಮಧ್ಯಮ ಗಾತ್ರದ ಒಂದು ಕಾರಿಗೆ 6.4 ಲೀಟರಿನ ವಿ8 ಎಂಜಿನ್ ಹಾಕಿ ಜಿಟಿಒ ಅಂತ ಮಾರಿತು. ಆಮೇಲೆ ಇನ್ನೂ ಚಿಕ್ಕ ಕಾರುಗಳಿಗೂ ಇದೇ ಆಟ. 1970ರ ಪ್ಲಿಮತ್ ಡಸ್ಟರ್ 340 ಅಂಥದ್ದು: ಕಾಂಪ್ಯಾಕ್ಟ್ ಕಾರಿನಲ್ಲಿ 5.6 ಲೀಟರ್ ಎಂಜಿನ್. ಸೂತ್ರ ಇಷ್ಟೇ: ಚಿಕ್ಕ ಮೈ, ದೊಡ್ಡ ಎಂಜಿನ್, ಗೇರ್ ನಾವೇ ಹಾಕಬೇಕು.

ನಮ್ಮ ದೇಶದಲ್ಲಿ ಜನ 'ಇಂಡಿಯಾದ ಮಸಲ್ ಕಾರ್' ಅನ್ನೋದು ಕಾಂಟೆಸಾಗೆ. ಹಿಂದೂಸ್ತಾನ್ ಮೋಟಾರ್ಸ್ ಇದನ್ನು 1984ರಿಂದ 2002ರವರೆಗೆ ಮಾಡಿತು. ಮೂಲ ಇಂಗ್ಲೆಂಡಿನ ವಾಕ್ಸ್‌ಹಾಲ್ ಕಾರು. ನೋಡೋಕೆ ಭರ್ಜರಿ. ಆದರೆ ಮೊದಮೊದಲ ಕಾಂಟೆಸಾದಲ್ಲಿ ಇದ್ದಿದ್ದು ಅಂಬಾಸಿಡರ್‌ನ 1,489 ಸಿಸಿ ಎಂಜಿನ್, ಸುಮಾರು 50 ಎಚ್‌ಪಿ. ಒಳ್ಳೆಯ 1.8 ಲೀಟರಿನ ಇಸುಝು ಎಂಜಿನ್ ಬಂದಿದ್ದು ಆಮೇಲೆ. ನಮ್ಮ 48,000ಕ್ಕೆ ಎರಡೂ ಸಿಗಲ್ಲ. ಸಿಕ್ಕರೂ ಹಾಸ್ಟೆಲ್ ಮುಂದೆ ನಿಲ್ಲಿಸೋಕೆ ಜಾಗ ಎಲ್ಲಿ?

ಆಗ ನ್ಯಾಮತಿಯವಳು ಕ್ಯಾಲ್ಕ್ಯುಲೇಟರ್ ತೆಗೆದಳು. ಗಾಡಿ ಮುನ್ನುಗ್ಗೋದು ಬರೀ ಎಚ್‌ಪಿಯಿಂದ ಅಲ್ಲ, ಎಚ್‌ಪಿಯನ್ನು ತೂಕದಿಂದ ಭಾಗಿಸಿದರೆ ಬರೋ ಸಂಖ್ಯೆಯಿಂದ. ಕಾಂಟೆಸಾ ಸುಮಾರು 1,200 ಕೆಜಿ ಅಂತ ಇಟ್ಕೊಳ್ಳಿ. 50 ಎಚ್‌ಪಿ ಅಂದರೆ ಟನ್ನಿಗೆ 42 ಎಚ್‌ಪಿ. ಈಗ ಯೆಜ್ಡಿ ರೋಡ್‌ಕಿಂಗ್ ತಗೊಳ್ಳಿ. ಸುಮಾರು 140 ಕೆಜಿ, 16 ಎಚ್‌ಪಿ. ಟನ್ನಿಗೆ 114. ಮೇಲೆ 65 ಕೆಜಿಯ ಒಬ್ಬ ಕೂತರೂ 78. ಚಿಕ್ಕ ಮೈ, ದೊಡ್ಡ ಎಂಜಿನ್, ನಾಲ್ಕು ಗೇರ್. ಮಸಲ್ ಕಾರಿನ ಸೂತ್ರವೇ, ಚಕ್ರ ಎರಡು ಕಮ್ಮಿ ಅಷ್ಟೆ. ಅವತ್ತೇ ಡಿಸೈಡ್ ಆಯ್ತು.

ಮೈಸೂರಿನ ಗಾಡಿ

ಈ ಗಾಡಿ ನಮ್ಮ ಕರ್ನಾಟಕದ್ದು ಅಂತ ನಮ್ಮಲ್ಲಿ ಇಬ್ಬರಿಗೆ ಗೊತ್ತೇ ಇರಲಿಲ್ಲ. ಜಾವಾ ಅನ್ನೋದು ಮೂಲದಲ್ಲಿ ಜೆಕೊಸ್ಲೊವಾಕಿಯಾದ ಕಂಪನಿ. ಸ್ಥಾಪಕ ಯಾನೆಚೆಕ್ ಅವರ ಹೆಸರಿನ ಮೊದಲ ಎರಡು ಅಕ್ಷರ, ವಾಂಡರರ್ ಅನ್ನೋ ಜರ್ಮನ್ ಬೈಕ್ ಕಂಪನಿಯ ಮೊದಲ ಎರಡು ಅಕ್ಷರ ಸೇರಿ ಆ ಹೆಸರು. ಅವರ ತಂತ್ರಜ್ಞಾನ ತಂದು ಇರಾನಿ ಕುಟುಂಬದವರು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. ಜಯಚಾಮರಾಜ ಒಡೆಯರ್ ಅವರ ಬೆಂಬಲವೂ ಇತ್ತು. 1961ರಲ್ಲಿ ಗಾಡಿಗಳು ಹೊರಬರತೊಡಗಿದವು. 1973ರಿಂದ ಯೆಜ್ಡಿ ಅಂತ ಹೆಸರು ಬಂತು. 1978ರಲ್ಲಿ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು.

ಮುಚ್ಚಿದ್ದು ಯಾಕೆ ಅಂತ ಎಂಜಿನಿಯರಿಂಗ್ ಓದೋರು ತಿಳ್ಕೋಬೇಕು. 1985ರ ಹೊತ್ತಿಗೆ ಜಪಾನಿನವರ ಜೊತೆ ಸೇರಿ ಮಾಡಿದ 100 ಸಿಸಿ ಬೈಕ್‌ಗಳು ಬಂದವು. ಹೀರೋ ಹೋಂಡಾ ಸಿಡಿ 100 ಫೋರ್ ಸ್ಟ್ರೋಕ್, ಪೆಟ್ರೋಲ್ ಬಹಳ ಕಮ್ಮಿ ಕುಡೀತಿತ್ತು. ಯಮಹಾ ಆರ್‌ಎಕ್ಸ್ 100 ಟೂ ಸ್ಟ್ರೋಕೇ ಆದರೂ ಹಗುರ, ಚುರುಕು. ಹೊಗೆಯ ಮೇಲಿನ ನಿಯಮಗಳೂ ವರ್ಷ ವರ್ಷ ಬಿಗಿಯಾದವು. ಎಣ್ಣೆ ಬೆರೆಸಿದ ಪೆಟ್ರೋಲ್ ಸುಡುವ 250 ಸಿಸಿ ಎಂಜಿನ್ನಿಗೆ ಅಲ್ಲಿ ಜಾಗ ಉಳಿಯಲಿಲ್ಲ. 2022ರಲ್ಲಿ ಯೆಜ್ಡಿ ಹೆಸರಲ್ಲಿ ಹೊಸ ಗಾಡಿಗಳು ಬಂದಿವೆ, ಅವು ಫೋರ್ ಸ್ಟ್ರೋಕ್, ನೀರಿನಿಂದ ತಣ್ಣಗಾಗುವ ಎಂಜಿನ್. ನೆಟ್‌ನಲ್ಲಿ ಹುಡುಕುವಾಗ ಎರಡನ್ನೂ ಕಲಸಬೇಡಿ.

ಇನ್ನೊಂದು ವಿಷಯ ನಮಗೆ ಮಜಾ ಅನ್ನಿಸಿತು. ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ, ಜೆ. ಎಚ್. ಪಟೇಲರು ಮುಖ್ಯಮಂತ್ರಿ ಆಗಿದ್ದಾಗ. ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಅಂದರೆ ಮೈಸೂರಲ್ಲಿ ತಯಾರಾದ ಯಾವ ಯೆಜ್ಡಿ ತಗೊಂಡರೂ ಅದು ನಮ್ಮ ಜಿಲ್ಲೆಗಿಂತ ದೊಡ್ಡದು. ಆಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿತ್ತು. ನ್ಯಾಮತಿ ಆಗ ತಾಲ್ಲೂಕೇ ಅಲ್ಲ, ಹೊನ್ನಾಳಿಯ ಹೋಬಳಿ. ಹಾಗಾಗಿ ಹಳೇ ಆರ್‌ಸಿ ಬುಕ್ಕಿನಲ್ಲಿ 'ಶಿವಮೊಗ್ಗ ಜಿಲ್ಲೆ' ಅಂತ ಇದ್ದರೆ ಗಾಬರಿ ಬೀಳಬೇಡಿ. 'ದಾವಣಗೆರೆ ಜಿಲ್ಲೆ' ಅಂತ ಇದ್ದರೆ ಮಾತ್ರ ಒಂದು ಪ್ರಶ್ನೆ ಕೇಳಿ: ಮೊದಲ ಓನರ್ ಯಾರು, ಈ ಬುಕ್ಕು ಯಾವಾಗ ಬದಲಾಗಿದ್ದು?

ಹೊನ್ನಾಳಿ: ಹೊಳಪಿಗೆ ಬಿದ್ದಿದ್ದು

ಮೊದಲು ನೋಡಿದ ಗಾಡಿ ಹೊನ್ನಾಳಿ ಕಡೆಯದ್ದು, ಹೊಳೆ ದಾಟಿ ಸ್ವಲ್ಪ ದೂರ. ಕೆಂಪು ಟ್ಯಾಂಕ್, ಎರಡೂ ಸೈಲೆನ್ಸರಿನ ಕ್ರೋಮ್‌ನಲ್ಲಿ ಮುಖ ಕಾಣ್ತಿತ್ತು. 65,000 ಹೇಳಿದರು. ಹದಿನೈದು ನಿಮಿಷದಲ್ಲಿ 46,000ಕ್ಕೆ ಬಂದರು. ಅಷ್ಟು ಬೇಗ ಯಾಕೆ ಇಳಿದರು ಅಂತ ನಮಗೆ ಹೊಳೀಲಿಲ್ಲ, ನಾವೇ ಚೌಕಾಸಿಯಲ್ಲಿ ಗೆದ್ವಿ ಅಂದ್ಕೊಂಡ್ವಿ. "ನಾಳೆ ಇನ್ನೊಬ್ರು ಬರ್ತಾರೆ ತಮ್ಮಾ, ನೋಡಿ ನಿಮ್ಮಿಷ್ಟ" ಅಂದರು. ಅಲ್ಲೇ ನಿಂತು ಫೋನಿನಲ್ಲಿ 5,000 ಅಡ್ವಾನ್ಸ್ ಕಳಿಸಿದ್ವಿ.

ಮಾರನೇ ದಿನ ಆರ್‌ಸಿ ಕೇಳಿದರೆ ಜೆರಾಕ್ಸ್ ಕೊಟ್ಟರು. ಅದರಲ್ಲಿದ್ದ ಚಾಸಿ ನಂಬರನ್ನು ಗಾಡಿಯ ಮೇಲೆ ಹುಡುಕಿದ್ವಿ. ನಂಬರ್ ಇರಬೇಕಾದ ಜಾಗದಲ್ಲಿ ಬಣ್ಣ ದಪ್ಪಗೆ ಬಳಿದಿತ್ತು. ಉಗುರಲ್ಲಿ ಕೆರೆದಾಗ ಕೆಳಗೆ ಅರದಿಂದ ಉಜ್ಜಿದ ಗೆರೆಗಳು ಕಂಡವು. ಅಂಕಿ ಒಂದೂ ಓದೋಕೆ ಆಗಲಿಲ್ಲ. ಬೇಡ ಅಂದ್ವಿ. ಅಡ್ವಾನ್ಸ್ ವಾಪಸ್ ಬರಲಿಲ್ಲ.

ಆ ಗಾಡಿ ಕದ್ದದ್ದು ಅಂತ ನಾವು ಹೇಳ್ತಿಲ್ಲ. ಆದರೆ ನಂಬರ್ ಇಲ್ಲದ ಗಾಡಿ ಕದ್ದದ್ದಲ್ಲ ಅಂತ ತೋರಿಸೋಕೂ ದಾರಿ ಇಲ್ಲ. ಅದನ್ನು ನಮ್ಮ ಹೆಸರಿಗೆ ಮಾಡೋಕೆ ಆಗಲ್ಲ, ಏನಾದರೂ ಆದರೆ ಇನ್ಶೂರೆನ್ಸ್ ನಿಲ್ಲಲ್ಲ, ಪೊಲೀಸರು ಹಿಡಿದರೆ ಉತ್ತರ ಕೊಡಬೇಕಾದವರು ನಾವು.

ಆದ್ದರಿಂದ ಮೊದಲ ಕೆಲಸ ಕಾಗದದ್ದು. ಒಂದು ಪೇಪರ್, ಒಂದು ಪೆನ್ಸಿಲ್ ಜೇಬಿನಲ್ಲಿರಲಿ. ಚಾಸಿ ನಂಬರಿನ ಮೇಲೆ ಪೇಪರ್ ಇಟ್ಟು ಪೆನ್ಸಿಲ್ ಉಜ್ಜಿ, ಅಚ್ಚು ಮೂಡುತ್ತೆ. ಎಂಜಿನ್ ನಂಬರಿಗೂ ಹಾಗೇ. ಎರಡನ್ನೂ ಒರಿಜಿನಲ್ ಆರ್‌ಸಿ ಜೊತೆ ಒಂದೊಂದೇ ಅಂಕಿ ಹೋಲಿಸಿ. ಆಮೇಲೆ ಎಂಪರಿವಾಹನ್‌ನಲ್ಲಿ ಗಾಡಿ ನಂಬರ್ ಹಾಕಿ ನೋಡಿ. ಕೈಬರಹದ ಹಳೇ ಬುಕ್ ಆಗಿದ್ದರೆ ಅಲ್ಲಿ ಏನೂ ಬರದೇ ಇರಬಹುದು, ಆಗ ಆರ್‌ಟಿಒ ಕಚೇರಿಯಲ್ಲಿ ಹಳೇ ದಾಖಲೆಯನ್ನು ಕಂಪ್ಯೂಟರಿಗೆ ಏರಿಸಬೇಕು. ಅದಕ್ಕೆ ಬ್ಯಾಕ್‌ಲಾಗ್ ಎಂಟ್ರಿ ಅಂತಾರೆ. ಕದ್ದ ಗಾಡಿಗಳ ಪಟ್ಟಿಯಲ್ಲಿ ಇದೆಯಾ ಅಂತ ನೋಡೋಕೆ ಎನ್‌ಸಿಆರ್‌ಬಿಯ ವಾಹನ್ ಸಮನ್ವಯ್ ಇದೆ. ಇಷ್ಟೂ ಆಗುವವರೆಗೆ ಒಂದು ರೂಪಾಯಿ ಅಡ್ವಾನ್ಸ್ ಕೊಡಬೇಡಿ. "ನಾಳೆ ಇನ್ನೊಬ್ರು ಬರ್ತಾರೆ" ಅಂದರೆ ಬರಲಿ ಬಿಡಿ.

ನ್ಯಾಮತಿ: ಎಂಜಿನ್ ಕಿವಿಯಲ್ಲಿ ನೋಡೋದು

ಮುಖ ಚಿಕ್ಕದು ಮಾಡ್ಕೊಂಡು ನ್ಯಾಮತಿಗೆ ಹೋದ್ವಿ. ನ್ಯಾಮತಿಯವಳ ಸೋದರಮಾವ ಮೂವತ್ತು ವರ್ಷದಿಂದ ಟೂ ಸ್ಟ್ರೋಕ್ ಗಾಡಿ ರಿಪೇರಿ ಮಾಡ್ತಾರೆ. ನಮ್ಮ ಕಥೆ ಕೇಳಿ ಬೈಲಿಲ್ಲ, ನಕ್ಕರು. ಮಂಡಕ್ಕಿ ಮೆಣಸಿನಕಾಯಿ ತರಿಸಿ, ರಿಪೇರಿಗೆ ಬಂದಿದ್ದ ಒಂದು ರೋಡ್‌ಕಿಂಗ್ ಮುಂದೆ ಕೂರಿಸಿ ಪಾಠ ಮಾಡಿದರು. ಮೂರು ಸೆಮಿಸ್ಟರಲ್ಲಿ ಇಷ್ಟು ಸುಲಭವಾಗಿ ಯಾವುದೂ ತಲೆಗೆ ಹೋಗಿರಲಿಲ್ಲ.

ಗೇರಿನಿಂದ ಶುರು ಮಾಡಿದರು. ಯೆಜ್ಡಿಯ ಎಡಗಡೆ ಒಂದೇ ಲಿವರ್. ಅದೇ ಕಿಕ್ಕರ್, ಅದೇ ಗೇರ್. ಲಿವರನ್ನು ಒಳಗೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಕಿಕ್ ಹೊಡೀಬಹುದು. ಸ್ಟಾರ್ಟ್ ಆದಮೇಲೆ ಮುಂದಕ್ಕೆ ತಂದರೆ ಗೇರ್ ಲಿವರ್. ಅದಕ್ಕಿಂತ ಮಜಾ ಒಳಗಿದೆ. ಕಾಲಲ್ಲಿ ಲಿವರ್ ಒತ್ತಿದಾಗ ಮೊದಲು ಒಂದು ಕ್ಯಾಮ್ ತಿರುಗಿ ಕ್ಲಚ್ ಪ್ಲೇಟುಗಳನ್ನು ಬಿಡಿಸುತ್ತೆ, ಆಮೇಲೆ ಗೇರ್ ಬದಲಾಗುತ್ತೆ. ಕಾಲು ಬಿಟ್ಟರೆ ಪ್ಲೇಟುಗಳು ಮತ್ತೆ ಕಚ್ಚುತ್ತವೆ. ಅಂದರೆ ಓಡುವಾಗ ಕೈಯಿಂದ ಕ್ಲಚ್ ಹಿಡಿಯದೇ ಗೇರ್ ಹಾಕಬಹುದು. ಕೈಯಲ್ಲೂ ಕ್ಲಚ್ ಇದೆ, ಆದರೆ ಎರಡೂ ಕೊನೆಗೆ ಒಂದೇ ಕೆಲಸ ಮಾಡೋದು. 'ಮ್ಯಾನುಯಲ್' ಅಂದ ಕೂಡಲೇ ಕ್ಲಚ್ಚೂ ಗೇರೂ ಒಂದೇ ಅಂತ ನಾವು ಅಂದ್ಕೊಂಡಿದ್ವಿ. ಕ್ಲಚ್ ಎಂಜಿನ್ನಿನ ಶಕ್ತಿಯನ್ನು ತಡೆದು ಬಿಡೋ ಬಾಗಿಲು, ಗೇರ್ ಬಾಕ್ಸ್ ಆ ಶಕ್ತಿಯಲ್ಲಿ ವೇಗ ಎಷ್ಟು, ಎಳೆತ ಎಷ್ಟು ಅಂತ ಹಂಚೋದು. ಬೇರೆ ಬೇರೆ ಕೆಲಸ.

ಪರೀಕ್ಷೆ ಮಾಡೋದು ಹೀಗೆ. ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ ಸ್ಟಾರ್ಟ್ ಮಾಡಿ, ಫಸ್ಟ್ ಗೇರಿಗೆ ಹಾಕಿ. ಹಿಂದಿನ ಚಕ್ರ ತಿರುಗುತ್ತೆ. ಈಗ ಲಿವರ್ ಮೇಲೆ ಕಾಲು ನಿಧಾನಕ್ಕೆ ಒತ್ತಿ ಹಿಡಿದು, ಹಿಂದಿನ ಬ್ರೇಕ್ ಒತ್ತಿ. ಚಕ್ರ ನಿಂತು ಎಂಜಿನ್ ಆರಾಮಾಗಿ ಓಡ್ತಾ ಇದ್ದರೆ ಸರಿ. ಎಂಜಿನ್ ಗುದ್ದಾಡಿ ಆಫ್ ಆದರೆ ಅಡ್ಜಸ್ಟ್‌ಮೆಂಟ್ ತಪ್ಪಿದೆ ಅಥವಾ ಪ್ಲೇಟ್ ಅಂಟಿದೆ.

ಎಂಜಿನ್ನಿಗೆ ಬಂದರೆ, ಮಾವನ ಮೊದಲ ಮಾತು: "ಹೋದ ಕೂಡ್ಲೇ ಬೋರ್ ಮುಟ್ ನೋಡ್ರಿ." ಮುಟ್ಟಿದಾಗ ಬಿಸಿ ಇದ್ದರೆ ನಾವು ಬರೋಕೆ ಮುಂಚೆ ಸ್ಟಾರ್ಟ್ ಮಾಡಿಟ್ಟಿದ್ದಾರೆ ಅಂತ ಅರ್ಥ. ತಣ್ಣಗಿರೋ ಎಂಜಿನ್ ನಮ್ಮ ಎದುರಿಗೇ ಸ್ಟಾರ್ಟ್ ಆಗಬೇಕು. ಆಮೇಲೆ ಸ್ವಿಚ್ ಆಫ್ ಇಟ್ಟು ಕಿಕ್ಕರ್ ನಿಧಾನಕ್ಕೆ ಒತ್ತಬೇಕು. ಒಂದು ಕಡೆ ಬಂದು ಗಟ್ಟಿಯಾಗಿ ತಡೆದರೆ ಕಂಪ್ರೆಷನ್ ಇದೆ. ಬೆಣ್ಣೆ ಹಾಗೆ ಜಾರಿ ಹೋದರೆ ಬೋರ್, ಪಿಸ್ಟನ್ ರಿಂಗ್ ಸವೆದಿವೆ.

ಬೋರ್ ಸವೆದರೆ ಗಾಡಿ ಸತ್ತಂತಲ್ಲ. ರೋಡ್‌ಕಿಂಗ್ ಬೋರ್ 65 ಮಿಲಿಮೀಟರ್, ಸ್ಟ್ರೋಕ್ 75. ಸಿಲಿಂಡರಿನ ಗಾತ್ರ ನೀವೇ ಲೆಕ್ಕ ಹಾಕಿ, ಸುಮಾರು 249 ಸಿಸಿ ಬರುತ್ತೆ. ಸವೆದ ಬೋರನ್ನು ಲೇತ್‌ನವರ ಹತ್ತಿರ ಒಂಚೂರು ದೊಡ್ಡದು ಮಾಡಿಸಿ, ಅದಕ್ಕೆ ತಕ್ಕ ಓವರ್‌ಸೈಜ್ ಪಿಸ್ಟನ್ ಹಾಕ್ತಾರೆ. ಸಾಮಾನ್ಯವಾಗಿ ಒಂದು ಸಲಕ್ಕೆ ಕಾಲು ಮಿಲಿಮೀಟರ್. ಹೀಗೆ ಕೆಲವು ಸಲ ಮಾಡಬಹುದು, ಆಮೇಲೆ ಒಳಗೆ ಹೊಸ ಸ್ಲೀವ್ ಕೂರಿಸಬೇಕು. ಅದಕ್ಕೇ ಮಾರೋರನ್ನ ಕೇಳಬೇಕಾದ ಪ್ರಶ್ನೆ: "ಎಷ್ಟನೇ ಬೋರು?"

ನಮಗೆ ಎಲ್ಲಕ್ಕಿಂತ ಹೊಸದಾಗಿದ್ದು ಕ್ರ್ಯಾಂಕ್ ಆಯಿಲ್ ಸೀಲ್ ವಿಷಯ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲ್-ಗಾಳಿ ಮಿಶ್ರಣ ಮೊದಲು ಪಿಸ್ಟನ್ ಕೆಳಗಿನ ಕ್ರ್ಯಾಂಕ್‌ಕೇಸಿಗೆ ಬಂದು, ಅಲ್ಲಿ ಒತ್ತಡಕ್ಕೆ ಸಿಕ್ಕಿ ಮೇಲಕ್ಕೆ ಹೋಗುತ್ತೆ. ಹಾಗಾಗಿ ಕ್ರ್ಯಾಂಕ್‌ಕೇಸ್ ಎಲ್ಲೂ ಸೋರಬಾರದು. ಕ್ಲಚ್ ಕಡೆಯ ಸೀಲ್ ಹೋದರೆ ಗೇರ್ ಬಾಕ್ಸಿನ ಆಯಿಲ್ ಒಳಗೆ ಎಳೆದು ಸುಡುತ್ತೆ. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲಲ್ಲ, ಗೇರ್ ಆಯಿಲ್ ತಾನಾಗೇ ಕಮ್ಮಿ ಆಗುತ್ತೆ. ಡೈನಮೋ ಕಡೆಯ ಸೀಲ್ ಹೋದರೆ ಹೊರಗಿನ ಗಾಳಿ ಒಳಗೆ ನುಗ್ಗುತ್ತೆ. ಮಿಶ್ರಣ ತೆಳುವಾಗಿ, ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಏರುದನಿಯಲ್ಲೇ ಓಡ್ತಿರುತ್ತೆ, ಬಿಸಿ ಜಾಸ್ತಿಯಾಗಿ ಕೊನೆಗೆ ಪಿಸ್ಟನ್ ಹಿಡ್ಕೊಳ್ಳುತ್ತೆ. ಸೀಲಿನ ಬೆಲೆ ಕಮ್ಮಿ, ಆದರೆ ಹಾಕೋಕೆ ಬಿಚ್ಚೋ ಕೆಲಸ ಇದೆ. ಮೊದಲೇ ಗೊತ್ತಾದರೆ ಆ ಖರ್ಚು ಬೆಲೆಯಲ್ಲಿ ಇಳಿಸಿ ಮಾತಾಡಬಹುದು.

ಸೌಂಡ್ ಬರಲಿ ಅಂತ ಸೈಲೆನ್ಸರ್ ಒಳಗಿನ ಕೊಳವೆ ಕಿತ್ತು ಹಾಕಿರೋ ಗಾಡಿಗಳ ಬಗ್ಗೆಯೂ ಹೇಳಿದರು. ಟೂ ಸ್ಟ್ರೋಕ್‌ನಲ್ಲಿ ಸೈಲೆನ್ಸರಿನಿಂದ ವಾಪಸ್ ಬರೋ ಒತ್ತಡದ ಅಲೆ ಸುಡದ ಮಿಶ್ರಣವನ್ನು ಹೊರಗೆ ಹೋಗದಂತೆ ತಡೆಯುತ್ತೆ. ಕೊಳವೆ ಕಿತ್ತರೆ ಸದ್ದು ಜಾಸ್ತಿ, ಎಳೆತ ಕಮ್ಮಿ, ಪೆಟ್ರೋಲ್ ವೇಸ್ಟ್.

ಚನ್ನಗಿರಿ: ಅಡಿಕೆ ಗೋಡೌನಿನ ಗಾಡಿ

ಈ ಪಾಠ ಕಲಿತು ಚನ್ನಗಿರಿಗೆ ಬಂದ್ವಿ. ಸೂಳೆಕೆರೆ ಕಡೆ ಹೋಗೋ ದಾರಿಯ ಒಂದು ಹಳ್ಳಿಯಲ್ಲಿ, ಅಡಿಕೆ ಚೀಲಗಳ ಹಿಂದೆ, ಟಾರ್ಪಲ್ ಕೆಳಗೆ ಒಂದು ರೋಡ್‌ಕಿಂಗ್ ನಿಂತಿತ್ತು. ಚನ್ನಗಿರಿಯವನ ಅಪ್ಪನ ಸ್ನೇಹಿತರದ್ದು. 1990ರ ಗಾಡಿ, ಫ್ಯಾಕ್ಟರಿ ಬಣ್ಣ ಹಾಗೇ ಇತ್ತು. ಚಾಸಿ ನಂಬರ್, ಎಂಜಿನ್ ನಂಬರ್ ಎರಡೂ ಬುಕ್ಕಿನ ಜೊತೆ ಸರಿಯಾಗಿ ಕೂತವು. ವಿಳಾಸ ಶಿವಮೊಗ್ಗ ಜಿಲ್ಲೆ. 30,000ಕ್ಕೆ ಕೊಡ್ತೀನಿ ಅಂದರು. ನಮ್ಮ ಮುಖ ಅರಳಿತು.

ಕಿಕ್ಕರ್ ಒತ್ತಿದರೆ ಅಲ್ಲಾಡಲಿಲ್ಲ. ವರ್ಷಗಟ್ಟಲೆ ನಿಂತು ಪಿಸ್ಟನ್ ಹಿಡ್ಕೊಂಡಿತ್ತು. ಅದು ರಿಪೇರಿ ಆಗುವಂಥದ್ದೇ. ತೊಡಕು ಬುಕ್ಕಿನಲ್ಲಿತ್ತು. ನಮ್ಮ ದೇಶದಲ್ಲಿ ಖಾಸಗಿ ಗಾಡಿಯ ನೋಂದಣಿ ಮೊದಲ ಸಲ 15 ವರ್ಷಕ್ಕೆ. ಆಮೇಲೆ ಐದೈದು ವರ್ಷಕ್ಕೆ ಫಾರ್ಮ್ 25 ಕೊಟ್ಟು, ಗಾಡಿ ತೋರಿಸಿ ನವೀಕರಿಸಬೇಕು. ಇದು 2005ರಲ್ಲೇ ಮುಗಿದಿತ್ತು, ಒಂದು ಸಲವೂ ನವೀಕರಿಸಿರಲಿಲ್ಲ. 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ತಿದ್ದುಪಡಿ ಪ್ರಕಾರ 20 ವರ್ಷ ದಾಟಿದ ಬೈಕಿನ ನವೀಕರಣ ಶುಲ್ಕ 2,000 ರೂಪಾಯಿ, ಕಾರಿಗಾದರೆ 10,000. ಅದು ದೊಡ್ಡದಲ್ಲ. ತಡ ಮಾಡಿದ್ದಕ್ಕೆ ಬೀಳೋದು ದೊಡ್ಡದು. 2022ರ ಏಪ್ರಿಲ್‌ನಿಂದ ಬಂದ ನಿಯಮದಲ್ಲಿ ಬೈಕಿಗೆ ತಡವಾದ ಪ್ರತಿ ತಿಂಗಳಿಗೆ 300 ರೂಪಾಯಿ, ವರ್ಷಕ್ಕೆ 3,600. ಜೊತೆಗೆ ಹಸಿರು ತೆರಿಗೆ, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್. ಒಟ್ಟು ಎಷ್ಟಾಗುತ್ತೆ ಅಂತ ಕಚೇರಿಯಲ್ಲೇ ವಿಚಾರಿಸಿ, ಆಮೇಲೆ ಗಾಡಿಯ ಬೆಲೆ ಮಾತಾಡಬೇಕು. ತಪಾಸಣೆಗೆ ಗಾಡಿ ಓಡಿಸಿ ತೋರಿಸಬೇಕು, ಅಂದರೆ ಎಂಜಿನ್ ಖರ್ಚು ಮೊದಲೇ ಮಾಡಬೇಕು. ಅಷ್ಟು ಮಾಡಿದ ಮೇಲೂ ನವೀಕರಣ ಸಿಗುತ್ತೆ ಅನ್ನೋ ಗ್ಯಾರಂಟಿ ಇಲ್ಲ.

'ವಿಂಟೇಜ್ ಅಂತ ಮಾಡಿಸಿಬಿಟ್ರೆ?' ಅಂತ ಹೊನ್ನಾಳಿಯವನು ಕೇಳಿದ. 2021ರ ನಿಯಮದ ಪ್ರಕಾರ ವಿಂಟೇಜ್ ಆಗೋಕೆ ಗಾಡಿಗೆ 50 ವರ್ಷ ದಾಟಬೇಕು. ರೋಡ್‌ಕಿಂಗ್ ಬಂದಿದ್ದೇ 1978ರಲ್ಲಿ. ಮೊದಲ ಗಾಡಿಗೂ 2028ರವರೆಗೆ ಕಾಯಬೇಕು. ಅಲ್ಲದೆ ವಿಂಟೇಜ್ ಗಾಡಿಯನ್ನು ದಿನಾ ಕಾಲೇಜಿಗೆ ಓಡಿಸೋ ಹಾಗಿಲ್ಲ.

ಲೆಕ್ಕ ಹಾಕಿ ನೋಡಿದರೆ 43,000ದಲ್ಲಿ ಮುಗಿಯುವ ಮಾತಲ್ಲ. ಆ ಮನೆಯವರು ಒಳ್ಳೆಯವರು, ಗಾಡಿಯೂ ಒಳ್ಳೆಯದೇ. ನಮ್ಮ ಜೇಬಿಗೆ ಮಾತ್ರ ಆಗಲ್ಲ. ಕೈಮುಗಿದು ಬಂದ್ವಿ.

ಜಗಳೂರು: ಅಜ್ಜಿಯ ಷರತ್ತು

ಕೊನೆಗೆ ಜಗಳೂರು. ಆ ಗಾಡಿ ನೋಡೋಕೆ ಚೆನ್ನಾಗಿರಲಿಲ್ಲ. ಟ್ಯಾಂಕ್ ಬಣ್ಣ ಬಿಸಿಲಿಗೆ ಮಾಸಿತ್ತು, ಸೀಟು ಹರಿದಿತ್ತು, ಈರುಳ್ಳಿ ಚೀಲ ಹೇರಿ ಹೇರಿ ಹಿಂದಿನ ಕ್ಯಾರಿಯರ್ ಬಾಗಿತ್ತು. ಆದರೆ ಬೋರ್ ಮುಟ್ಟಿದರೆ ತಣ್ಣಗಿತ್ತು. ಮೂರನೇ ಕಿಕ್ಕಿಗೆ ಸ್ಟಾರ್ಟ್ ಆಯ್ತು. ಸ್ವಲ್ಪ ಹೊತ್ತಿಗೆ ಹೊಗೆ ತೆಳುವಾಯ್ತು. ಕಾಲಿನ ಕ್ಲಚ್ ಪರೀಕ್ಷೆಯಲ್ಲಿ ಪಾಸ್. ನಂಬರ್ ಎರಡೂ ಸರಿ. ಬುಕ್ಕಿನಲ್ಲಿ ಚಿತ್ರದುರ್ಗ ಜಿಲ್ಲೆ ಅಂತ ವಿಳಾಸ, 1992ರ ನೋಂದಣಿ. 2007ರಿಂದ ಐದೈದು ವರ್ಷಕ್ಕೆ ತಪ್ಪದೆ ನವೀಕರಣ. ಮುಂದಿನದು 2027ಕ್ಕೆ.

ಅಷ್ಟು ಶಿಸ್ತಾಗಿ ಇಟ್ಟಿದ್ದು ಆ ಮನೆಯ ಅಜ್ಜ. ಅವರು ತೀರಿಕೊಂಡು ವರ್ಷದ ಮೇಲಾಗಿದೆ. ಗಾಡಿ ಇನ್ನೂ ಅವರ ಹೆಸರಲ್ಲೇ ಇದೆ. ಇಲ್ಲೂ ಒಂದು ಕಾಗದದ ವಿಷಯ ಕಲಿತ್ವಿ. ಓನರ್ ಬದುಕಿದ್ದರೆ ಮಾರೋರು, ಕೊಳ್ಳೋರು ಫಾರ್ಮ್ 29, 30ಕ್ಕೆ ಸೈನ್ ಮಾಡಿ ಕೊಡಬೇಕು. ಓನರ್ ಇಲ್ಲದಿದ್ದರೆ ಮೊದಲು ಫಾರ್ಮ್ 31 ಕೊಟ್ಟು, ಮರಣ ಪತ್ರ, ವಾರಸುದಾರರ ಒಪ್ಪಿಗೆ ಇಟ್ಟು ಮನೆಯವರೊಬ್ಬರ ಹೆಸರಿಗೆ ಮಾಡಿಸಬೇಕು. ಅದಾದ ಮೇಲೆ ನಮಗೆ ಮಾರಬಹುದು. ತೀರಿಹೋದವರ ಹೆಸರಲ್ಲಿ ಹಳೇ ಸೈನ್ ಇರೋ ಖಾಲಿ ಫಾರ್ಮ್ ಇದೆ ಅಂತ ಯಾರಾದರೂ ಕೊಟ್ಟರೆ ಮುಟ್ಟಲೇಬೇಡಿ.

34,000ಕ್ಕೆ ಮಾತು ಆಯ್ತು. ಜಗಳೂರಿನವನು ಅಭ್ಯಾಸಬಲದಿಂದ ಅಡ್ವಾನ್ಸ್ ಕೊಡೋಕೆ ಹೋದ. ಅಜ್ಜಿ ಕೈ ಅಡ್ಡ ಹಿಡಿದರು.

"ದುಡ್ಡು ಈಗ ಬ್ಯಾಡ್ರಪ್ಪಾ. ಕಾಗದ ಆಗ್ಲಿ, ಆಮ್ಯಾಲೆ ಕೊಡೀರಂತೆ. ಒಂದು ಮಾತು ಹೇಳ್ರಿ, ಇದನ್ನ ಬಿಚ್ಚಿ ಬಿಚ್ಚಿ ಮಾರ್ತೀರೇನು?"

ನಾವು ಒಬ್ಬರ ಮುಖ ಒಬ್ಬರು ನೋಡ್ಕೊಂಡ್ವಿ. ಕಾರ್ಖಾನೆ ಮುಚ್ಚಿದ ಗಾಡಿಯ ಒರಿಜಿನಲ್ ಟ್ಯಾಂಕ್, ಮೀಟರ್, ಕಾರ್ಬುರೇಟರ್ ಬಿಡಿಬಿಡಿಯಾಗಿ ಮಾರಿದರೆ ಲಾಭ ಅಂತ ಅದಕ್ಕೂ ಹಿಂದಿನ ವಾರವಷ್ಟೇ ನಾವೇ ಮಾತಾಡ್ಕೊಂಡಿದ್ವಿ. "ಇಲ್ಲ ಅಜ್ಜಿ, ಓಡಿಸ್ತೀವಿ" ಅಂತ ನ್ಯಾಮತಿಯವಳು ಹೇಳಿದಳು. ಹೇಳಿದ ಮೇಲೆ ನಾಲ್ವರೂ ಅದಕ್ಕೆ ಕಟ್ಟುಬಿದ್ದ ಹಾಗೇ.

ಉಳಿದ 9,000ದ ಲೆಕ್ಕ

ಗಾಡಿಯ ಬೆಲೆ ಕೊಟ್ಟ ಮೇಲೆ 9,000 ಉಳಿಯುತ್ತೆ. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯ. 150ರಿಂದ 350 ಸಿಸಿ ಬೈಕಿಗೆ 2022ರಲ್ಲಿ ನಿಗದಿಯಾದ ದರ ವರ್ಷಕ್ಕೆ 1,366 ರೂಪಾಯಿ, 18% ಜಿಎಸ್‌ಟಿ ಸೇರಿದರೆ 1,612. ಆಮೇಲೆ ಎರಡೂ ಕ್ರ್ಯಾಂಕ್ ಸೀಲ್, ಸೈಲೆನ್ಸರ್ ಮತ್ತು ಹೆಡ್ಡಿನ ಕಾರ್ಬನ್ ತೆಗೆಸೋದು, ಬ್ರೇಕ್ ಲೈನಿಂಗ್. ಬಣ್ಣಕ್ಕೆ ದುಡ್ಡಿಲ್ಲ. ಬಣ್ಣ ಹಾಗೇ ಇರಲಿ ಅಂತ ಈಗ ನಮಗೂ ಅನ್ನಿಸಿದೆ.

ಪೆಟ್ರೋಲಿನ ವಿಷಯ ಮರೀಬಾರದು. ಎಣ್ಣೆಯನ್ನು ನಾವೇ ಅಳತೆ ನೋಡಿ ಪೆಟ್ರೋಲಿಗೆ ಬೆರೆಸಬೇಕು, ಲೀಟರಿಗೆ 30ರಿಂದ 40 ಮಿಲಿ ಟೂ-ಟಿ ಆಯಿಲ್. ಕಮ್ಮಿ ಆದರೆ ಪಿಸ್ಟನ್ ಹಿಡಿಯುತ್ತೆ, ಜಾಸ್ತಿ ಆದರೆ ಪ್ಲಗ್ ಕಪ್ಪಾಗುತ್ತೆ. ಈಗ ಬಂಕಿನ ಪೆಟ್ರೋಲಿನಲ್ಲಿ 20% ವರೆಗೆ ಎಥೆನಾಲ್ ಇರುತ್ತೆ. ಎಥೆನಾಲ್ ಗಾಳಿಯ ತೇವ ಹೀರಿಕೊಳ್ಳುತ್ತೆ, ಹಳೇ ರಬ್ಬರನ್ನು ಹಾಳು ಮಾಡುತ್ತೆ, ಮಿಶ್ರಣವನ್ನೂ ಸ್ವಲ್ಪ ತೆಳು ಮಾಡುತ್ತೆ. ಅದಕ್ಕೆ ಪೆಟ್ರೋಲ್ ಪೈಪು, ಕಾಕ್ ವಾಷರ್ ಹೊಸದು ಹಾಕಿ, ತಿಂಗಳುಗಟ್ಟಲೆ ಓಡಿಸದಿದ್ದರೆ ಟ್ಯಾಂಕ್ ಖಾಲಿ ಮಾಡಿಡಿ ಅಂತ ಮಾವ ಹೇಳಿದ್ದಾರೆ. ಪಾಯಿಂಟ್ ಇರೋ 6 ವೋಲ್ಟ್ ಗಾಡಿಗಳಲ್ಲಿ ಬ್ಯಾಟರಿ ಸತ್ತರೆ ಪ್ಲಗ್ಗಿಗೆ ಕಿಡಿಯೇ ಇಲ್ಲ, ಆದ್ದರಿಂದ ಸ್ಟಾರ್ಟ್ ಆಗದಿದ್ದರೆ ಎಂಜಿನ್ ಬೈಯೋಕೆ ಮುಂಚೆ ಬ್ಯಾಟರಿ ನೋಡಬೇಕು.

ಇನ್ನೊಂದು ಮಾತು, ಸೇರಿ ಕೊಳ್ಳೋರಿಗೆ. ಆರ್‌ಸಿ ಒಬ್ಬರ ಹೆಸರಲ್ಲೇ ಇರೋದು. ಆಕ್ಸಿಡೆಂಟ್ ಆದರೆ ಮೊದಲು ಹುಡುಕೋದು ಆ ಹೆಸರನ್ನೇ. ಅಜ್ಜಿಗೆ ಪರಿಚಯ ಇರೋನು ಅಂತ ಜಗಳೂರಿನವನ ಹೆಸರಿಗೆ ಮಾಡಿಸೋದು ಅಂತ ತೀರ್ಮಾನ ಆಗಿದೆ. ಒಂದು ನೋಟ್‌ಬುಕ್ ಹಾಳೆಯಲ್ಲಿ ಬರೆದು ನಾಲ್ವರೂ ಸೈನ್ ಹಾಕಿದೀವಿ: ಲೈಸೆನ್ಸ್ ಇಲ್ಲದೋರು ಓಡಿಸೋ ಹಾಗಿಲ್ಲ, ಹೆಲ್ಮೆಟ್ ಇಲ್ಲದೆ ಇಲ್ಲ, ಕೋರ್ಸ್ ಮುಗಿದು ಬೇರೆ ಬೇರೆ ಆಗುವಾಗ ನಾಲ್ವರೂ ಒಪ್ಪದೆ ಮಾರೋ ಹಾಗಿಲ್ಲ, ಬಿಚ್ಚಿ ಮಾರೋ ಹಾಗೇ ಇಲ್ಲ. ಕೊನೆಯ ಸಾಲು ಅಜ್ಜಿಗಾಗಿ. ಹೊನ್ನಾಳಿಯಲ್ಲಿ ಹೋದ 5,000 ಯಾರ ಪಾಲಿನದು ಅಂತ ಜಗಳ ಆಗಬಾರದು ಅಂತ ಅದನ್ನೂ ನಾಲ್ಕು ಭಾಗ ಮಾಡಿ ಬರೆದಿದೀವಿ, ತಲಾ 1,250.

ಈ ಲೇಖನ ಬರೆಯುವ ಹೊತ್ತಿಗೆ ಫಾರ್ಮ್ 31 ಆರ್‌ಟಿಒ ಕಚೇರಿಯಲ್ಲಿದೆ, ಗಾಡಿ ಜಗಳೂರಿನ ಶೆಡ್ಡಿನಲ್ಲಿದೆ. ಜಗಳೂರಿನವನು ಊರಿಗೆ ಹೋದಾಗೆಲ್ಲ ಐದು ನಿಮಿಷ ಸ್ಟಾರ್ಟ್ ಮಾಡಿ ಬರ್ತಾನೆ, ಅಜ್ಜಿ ಕಟ್ಟೆ ಮೇಲೆ ಕೂತು ಕೇಳ್ತಾರಂತೆ. ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ಇರೋರು ಊರೂರಲ್ಲಿ ಸೇರ್ತಾರೆ. ಅಷ್ಟರಲ್ಲಿ ಕಾಗದ ಆದರೆ ನಾವೂ ಹೋಗೋಣ ಅಂತಿದೀವಿ.

ನಿಮ್ಮ ಊರಲ್ಲಿ, ಅಜ್ಜನ ಮನೆಯ ಕೊಟ್ಟಿಗೆಯಲ್ಲಿ ಇಂಥದ್ದೊಂದು ಗಾಡಿ ನಿಂತಿದ್ದರೆ ಈ ವಾರ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ಅದರ ಆರ್‌ಸಿ ಬುಕ್ ಹುಡುಕಿ, ಯಾವ ವರ್ಷದವರೆಗೆ ಇದೆ ಅಂತ ನೋಡಿ. ಮುಗಿಯೋಕೆ ಇನ್ನೂ ಟೈಮ್ ಇದ್ದರೆ ಮನೆಯವರಿಗೆ ಹೇಳಿ ನವೀಕರಿಸಿ. ಮಾರೋದು, ಇಟ್ಕೊಳ್ಳೋದು ಆಮೇಲೆ ನೋಡ್ಕೊಳ್ಳಿ.